ಸುಂಟರಗಾಳಿ ಟಿ.ವಿ.ಗೆ ಬಂದ ಬಗೆ

1948ರ ಮಾರ್ಚ್ 20ರ ರಾತ್ರಿ, ಅಮೆರಿಕದ ಒಕ್ಲಹೋಮ ಸಿಟಿಗೆ ಅಂಟಿಕೊಂಡಿರುವ ಟಿಂಕರ್ ವಾಯುನೆಲೆಯ ಹವಾಮಾನ ಕೊಠಡಿಯಲ್ಲಿ ಪಾಳಿಯಲ್ಲಿದ್ದವರು ಕ್ಯಾಪ್ಟನ್ ರಾಬರ್ಟ್ ಮಿಲ್ಲರ್. ಕ್ಯಾಲಿಫೋರ್ನಿಯಾದ ಮನುಷ್ಯ, ಈ ಬಯಲುಸೀಮೆಯ ಆಕಾಶ ಅವರಿಗೆ ಹೊಸದು. ರಾತ್ರಿ ಗಾಳಿ ಜೋರಿರುತ್ತದೆ, ಗುಡುಗು ಇರುವುದಿಲ್ಲ ಎಂದು ಮುನ್ಸೂಚನೆ ಹೋಗಿತ್ತು. ಹತ್ತು ಗಂಟೆ ಸುಮಾರಿಗೆ ಸುಂಟರಗಾಳಿಯೊಂದು ನೆಲೆಯ ನಟ್ಟನಡುವೆ ಹಾಯ್ದುಹೋಯಿತು. ಸಾಲಾಗಿ ನಿಂತಿದ್ದ ವಿಮಾನಗಳು ನಜ್ಜುಗುಜ್ಜಾದವು, ನಿಯಂತ್ರಣ ಗೋಪುರದ ಗಾಜು ಪುಡಿಯಾಯಿತು, ನಷ್ಟ ಒಂದು ಕೋಟಿ ಡಾಲರ್ ದಾಟಿತು.

ಸೈನ್ಯದಲ್ಲಿ ಇಂಥದ್ದಕ್ಕೆ ವಿಚಾರಣೆ ತಪ್ಪದು. ವಿಚಾರಣೆ ಮುಗಿದ ಮೇಲೆ ನೆಲೆಯ ಮುಖ್ಯಸ್ಥ ಜನರಲ್ ಫ್ರೆಡ್ ಬೋರಮ್, ಮಿಲ್ಲರ್ ಮತ್ತು ಅವರ ಮೇಲಧಿಕಾರಿ ಮೇಜರ್ ಅರ್ನೆಸ್ಟ್ ಫಾಬುಷ್ ಇಬ್ಬರಿಗೂ ಒಂದು ಕೆಲಸ ಒಪ್ಪಿಸಿದರು: ಸುಂಟರಗಾಳಿಯನ್ನು ಮೊದಲೇ ಹೇಳಲು ಸಾಧ್ಯವೇ, ನೋಡಿ. ಇಬ್ಬರೂ ಹಳೆಯ ಹವಾಮಾನ ನಕ್ಷೆಗಳನ್ನು ಹರಡಿಕೊಂಡು ಕೂತರು. ಐದೇ ದಿನಕ್ಕೆ, ಮಾರ್ಚ್ 25ರಂದು, ಟೇಬಲ್ ಮೇಲಿದ್ದ ನಕ್ಷೆ ಹೆಚ್ಚುಕಡಿಮೆ 20ನೇ ತಾರೀಖಿನ ನಕ್ಷೆಯಂತೆಯೇ ಕಂಡಿತು. ಒಂದೇ ಜಾಗಕ್ಕೆ ಒಂದೇ ವಾರದಲ್ಲಿ ಎರಡು ಸಲ ಸುಂಟರಗಾಳಿ ಬಡಿಯುವುದು ಊಹೆಗೂ ನಿಲುಕದ ಮಾತು. ಆದರೂ ಜನರಲ್ ಕೇಳಿಬಿಟ್ಟರು: ಹಾಗಾದರೆ ಮುನ್ಸೂಚನೆ ಕೊಡುತ್ತೀರೋ ಇಲ್ಲವೋ? ಮಧ್ಯಾಹ್ನ 2.50ಕ್ಕೆ ಕೊಟ್ಟರು. ವಿಮಾನಗಳು ಹ್ಯಾಂಗರ್ ಸೇರಿದವು, ಹಾರಿಹೋಗುವಂಥ ಸಾಮಾನುಗಳನ್ನೆಲ್ಲ ಬಿಗಿದು ಕಟ್ಟಿದರು. ಸಂಜೆ ಮಿಲ್ಲರ್ ತಮ್ಮ ಮಾನ ಹೋಯಿತೆಂದೇ ತಿಳಿದು ಮನೆಗೆ ನಡೆದರು. ಆರು ಗಂಟೆ ಹೊತ್ತಿಗೆ ಅದೇ ನೆಲೆಯ ಮೇಲೆ ಸುಂಟರಗಾಳಿ ಎರಗಿತು. ಸುದ್ದಿ ಅವರಿಗೆ ಗೊತ್ತಾದದ್ದು ರೇಡಿಯೊದಿಂದ.

ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತ ಹುಟ್ಟಿ, ಬೆಳೆದು, ದಡ ಮುಟ್ಟಲು ದಿನಗಳು ಹಿಡಿಯುತ್ತವೆ. ಹಳ್ಳಿಗೆ ಹಳ್ಳಿಯನ್ನೇ ಎತ್ತಿ ಬೇರೆಡೆ ಇಡಲು ಸಮಯ ಇರುತ್ತದೆ. ಅಮೆರಿಕದ ಬಯಲಿನ ಸುಂಟರಗಾಳಿಯದು ನಿಮಿಷಗಳ ಲೆಕ್ಕ. ಇಷ್ಟೆಲ್ಲ ಉಪಕರಣ ಬಂದ ಮೇಲೂ ಅಲ್ಲಿನ ಎಚ್ಚರಿಕೆಗೂ ಗಾಳಿ ಬಡಿಯುವುದಕ್ಕೂ ನಡುವೆ ಸಿಗುವ ಅವಧಿ ಸರಾಸರಿ ಕಾಲು ಗಂಟೆಯೂ ಇಲ್ಲ. ಆ ಅವಧಿಯಲ್ಲಿ ಮನೆಮನೆಗೆ ಮಾತು ಮುಟ್ಟಿಸುವುದು ಹೇಗೆ ಎಂಬುದೇ ಈ ಕಥೆ. ಆದರೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇತ್ತು. ಮಾತು ಮುಟ್ಟಿಸಬೇಕೇ ಎಂಬ ಪ್ರಶ್ನೆ.

ಟಿಂಕರ್‌ನ ಮುನ್ಸೂಚನೆ ಸೈನ್ಯದ ಒಳಗಿನದು. ಪಕ್ಕದ ಊರಿನ ಜನಕ್ಕೆ ಅದನ್ನು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. 1880ರ ದಶಕದಲ್ಲಿ ಸೈನ್ಯದ ಸಿಗ್ನಲ್ ವಿಭಾಗದ ಜಾನ್ ಫಿನ್ಲೆ ಎಂಬಾತ ಸುಂಟರಗಾಳಿಗಳ ಲೆಕ್ಕ ಇಟ್ಟು, ಎಲ್ಲಿ ಹುಟ್ಟಬಹುದೆಂದು ಹೇಳುವ ಪ್ರಯತ್ನ ಮಾಡಿದ್ದ. ಮೇಲಿನವರಿಗೆ ಅದು ಹಿಡಿಸಲಿಲ್ಲ. ಸುಂಟರಗಾಳಿ ಮಾಡುವ ಹಾನಿಗಿಂತ, ಬರುತ್ತದಂತೆ ಎಂದು ಕೇಳಿ ಜನ ಗಾಬರಿಬಿದ್ದು ಮಾಡಿಕೊಳ್ಳುವ ಹಾನಿಯೇ ಹೆಚ್ಚು ಎಂದು ತೀರ್ಮಾನಿಸಿ, ಮುನ್ಸೂಚನೆಯಲ್ಲಿ ‘ಟೊರ್ನಾಡೊ’ ಪದ ಬಳಸಬಾರದು ಎಂದುಬಿಟ್ಟರು. ಮುಂದೆ ಹುಟ್ಟಿದ ನಾಗರಿಕ ಹವಾಮಾನ ಇಲಾಖೆಗೂ ಅದೇ ರೂಢಿ ಇಳಿದು ಬಂತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ‘ತೀವ್ರ ಗುಡುಗು-ಮಳೆ’ ಎಂಬ ಮಾತಿನ ಹಿಂದೆ ಸುಂಟರಗಾಳಿ ಅವಿತುಕೊಂಡಿತ್ತು. 1950ರಲ್ಲಿ ಇಲಾಖೆಯ ಮುಖ್ಯಸ್ಥ ಫ್ರಾನ್ಸಿಸ್ ರೈಕೆಲ್ಡರ್ಫರ್ ಸುತ್ತೋಲೆ ಹೊರಡಿಸಿ ಈ ಕಟ್ಟು ಸಡಿಲಿಸಿದರು. ಸುತ್ತೋಲೆ ಬಂದ ಮಾತ್ರಕ್ಕೆ ಗುಮಾಸ್ತರ ಅಂಜಿಕೆ ಹೋಗುವುದುಂಟೆ?

ಅಂಜಿಕೆ ಬಿಟ್ಟದ್ದು ಒಂದು ಟಿ.ವಿ. ಸ್ಟೇಷನ್. 1952ರಲ್ಲಿ ಒಕ್ಲಹೋಮ ಸಿಟಿಯ ಡಬ್ಲ್ಯುಕೆವೈ ಸ್ಟೇಷನ್‌ಗೆ ಟಿಂಕರ್‌ನ ಸೈನಿಕ ಮುನ್ಸೂಚನೆ ಸಿಕ್ಕಿತು. ಆಡಳಿತ ಮಂಡಳಿ ಅದನ್ನು ಪ್ರಸಾರ ಮಾಡಿ ಎಂದಿತು. ಹವಾಮಾನ ಓದುತ್ತಿದ್ದ ಯುವಕ ಹ್ಯಾರಿ ವೋಕ್‌ಮನ್‌ಗೆ ಇದು ಕಾನೂನಿಗೆ ವಿರುದ್ಧವಾದೀತೇನೋ ಎಂಬ ಭಯ. ಆದರೂ ಕ್ಯಾಮೆರಾದ ಮುಂದೆ ನಿಂತು, ಸುಂಟರಗಾಳಿ ಬರುವ ಸಂಭವ ಇದೆ ಎಂದು ಹೇಳಿದ. ಎಪ್ಪತ್ತು ವರ್ಷಗಳಿಂದ ಅಧಿಕಾರಿಗಳು ಹೆದರುತ್ತಿದ್ದ ಆ ಗಾಬರಿ, ಆ ನೂಕುನುಗ್ಗಲು, ಯಾವುದೂ ನಡೆಯಲಿಲ್ಲ. ಅದೇ ವರ್ಷ ಹವಾಮಾನ ಇಲಾಖೆಯೂ ಸಾರ್ವಜನಿಕರಿಗೆ ಸುಂಟರಗಾಳಿ ಮುನ್ಸೂಚನೆ ಕೊಡಲು ಶುರುಮಾಡಿತು.

ಹಾಗಂತ ಆ ಕಾಲದ ಟಿ.ವಿ. ಹವಾಮಾನವೆಲ್ಲ ಇಷ್ಟು ಗಂಭೀರವಾಗಿತ್ತು ಎಂದುಕೊಳ್ಳಬಾರದು. ಐವತ್ತರ ದಶಕದ ಬಹುಪಾಲು ಸ್ಟೇಷನ್‌ಗಳಲ್ಲಿ ಹವಾಮಾನವೆಂದರೆ ವಾರ್ತೆಯ ಕೊನೆಗೆ ಒಂದಿಷ್ಟು ನಗೆಚಾಟಿಕೆ. ಒಬ್ಬರು ಕೈಗೊಂಬೆ ಕುಣಿಸುತ್ತ ನಾಳೆಯ ಉಷ್ಣಾಂಶ ಹೇಳುವರು, ಇನ್ನೊಬ್ಬರು ವ್ಯಂಗ್ಯಚಿತ್ರ ಬರೆಯುವರು. ಚೆಂದದ ಹುಡುಗಿಯರನ್ನು ನಕ್ಷೆಯ ಮುಂದೆ ನಿಲ್ಲಿಸುವುದೂ ಒಂದು ವ್ಯಾಪಾರವಾಗಿತ್ತು. ಕೈಯಲ್ಲಿ ಇದ್ದಿಲ ಕಡ್ಡಿ ಅಥವಾ ಮಾರ್ಕರ್, ಹಿಂದೆ ಒಂದು ಬೋರ್ಡು; ಆಮೇಲೆ ಅಂಟಿಸಿ ಕೀಳುವ ಅಯಸ್ಕಾಂತದ ಸೂರ್ಯ, ಮೋಡ. ಅಮೆರಿಕದ ಹವಾಮಾನ ವಿಜ್ಞಾನಿಗಳ ಸಂಘ ಈ ತಮಾಷೆಗೆ ಬೇಸತ್ತು, ಐವತ್ತರ ದಶಕದ ಕೊನೆಗೆ ಯೋಗ್ಯ ನಿರೂಪಕರಿಗೆ ಮುದ್ರೆ ಒತ್ತಿ ಕೊಡುವ ಪದ್ಧತಿಯನ್ನೇ ತಂದಿತು. ಓದಿಕೊಂಡವರು ಯಾರು, ಓದಿ ಹೇಳುವವರು ಯಾರು ಎಂದು ಜನಕ್ಕೆ ಗೊತ್ತಾಗಲಿ ಎಂದು.

ನನ್ನ ಲೆಕ್ಕದಲ್ಲಿ ಟಿ.ವಿ. ಹವಾಮಾನಕ್ಕೆ ನಿಜವಾದ ತಿರುವು ಕೊಟ್ಟದ್ದು ಒಂದು ಪ್ಲಾಸ್ಟಿಕ್ ಹಾಳೆ. 1961ರ ಸೆಪ್ಟೆಂಬರ್‌ನಲ್ಲಿ ಕಾರ್ಲಾ ಎಂಬ ಚಂಡಮಾರುತ ಮೆಕ್ಸಿಕೊ ಕೊಲ್ಲಿಯಲ್ಲಿ ಟೆಕ್ಸಸ್ ಕರಾವಳಿಯತ್ತ ತಿರುಗಿತ್ತು. ಹ್ಯೂಸ್ಟನ್‌ನ ಕೆಎಚ್‌ಒಯು ಸ್ಟೇಷನ್‌ನ ಸುದ್ದಿ ವಿಭಾಗದಲ್ಲಿದ್ದ ಡ್ಯಾನ್ ರಾದರ್ ತನ್ನ ತಂಡ ಕಟ್ಟಿಕೊಂಡು ಗಾಲ್ವೆಸ್ಟನ್ ಎಂಬ ದ್ವೀಪದ ಊರಿಗೆ ಹೋದ. ಆಗ ಅವನಿಗೆ 29 ವರ್ಷ. ಗಾಲ್ವೆಸ್ಟನ್‌ಗೆ ಚಂಡಮಾರುತ ಹೊಸದಲ್ಲ. 1900ರಲ್ಲಿ ಅಲ್ಲಿ ಕನಿಷ್ಠ ಆರು ಸಾವಿರ ಜನ ಸತ್ತಿದ್ದರು. ಅಮೆರಿಕದ ಚರಿತ್ರೆಯಲ್ಲಿ ಪ್ರಕೃತಿ ವಿಕೋಪವೊಂದಕ್ಕೆ ಅಷ್ಟು ಜನ ಇವತ್ತಿಗೂ ಬಲಿಯಾಗಿಲ್ಲ. ಅಲ್ಲಿನ ಹವಾಮಾನ ಕಚೇರಿಯಲ್ಲಿ ಹೊಸ ಮಾದರಿಯ ರೇಡಾರ್ ಇತ್ತು. ಹೆಸರು ಡಬ್ಲ್ಯುಎಸ್‌ಆರ್-57.

ರೇಡಾರ್‌ನ ದುಂಡು ಪರದೆಯಲ್ಲಿ ಬಿಳಿಯ ಸುರುಳಿಯೊಂದು ಕಾಣುತ್ತಿತ್ತು, ನಡುವೆ ಕಪ್ಪು ಕಣ್ಣು. ತಿಳಿದವರಿಗೆ ಅಷ್ಟು ಸಾಕು. ಮನೆಯಲ್ಲಿ ಕೂತು ನೋಡುವವರಿಗೆ ಅದು ಬರೀ ಬಿಳಿ ಮಸುಕು: ಎಷ್ಟು ದೊಡ್ಡದು, ಎಲ್ಲಿದೆ, ನಮ್ಮ ಊರಿಗೂ ಅದಕ್ಕೂ ಎಷ್ಟು ದೂರ, ಏನೂ ತಿಳಿಯದು. ರಾದರ್ ಅಲ್ಲಿದ್ದ ಹವಾಮಾನ ತಜ್ಞರೊಬ್ಬರಿಗೆ ಕೊಲ್ಲಿಯ ಮತ್ತು ಟೆಕ್ಸಸ್ ತೀರದ ಗೆರೆಯನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಅದೇ ಅಳತೆಗೆ ಬರೆದುಕೊಡಲು ಹೇಳಿದ. ಹಾಳೆಯನ್ನು ಪರದೆಯ ಮೇಲೆ ಹಿಡಿದರು, ಕ್ಯಾಮೆರಾ ಅತ್ತ ತಿರುಗಿತು. ಕೊಲ್ಲಿಯ ಅರ್ಧಕ್ಕರ್ಧ ಜಾಗವನ್ನು ಆ ಸುರುಳಿ ತುಂಬಿಕೊಂಡಿದ್ದನ್ನು ಜನ ನೋಡಿದರು. ಚಂಡಮಾರುತದ ಸುತ್ತಳತೆಯನ್ನು ಮೈಲಿಯಲ್ಲಿ ಹೇಳಿದರೆ ತಟ್ಟದ್ದು, ತಮ್ಮ ಊರಿನ ಕರಾವಳಿಯ ಗೆರೆಯ ಪಕ್ಕದಲ್ಲಿ ಕಂಡಾಗ ತಟ್ಟಿತು. ಟೆಕ್ಸಸ್ ಕರಾವಳಿಯಿಂದ ಸುಮಾರು ಮೂರೂವರೆ ಲಕ್ಷ ಜನ ಜಾಗ ಖಾಲಿಮಾಡಿದರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಸೆಪ್ಟೆಂಬರ್ 11ರಂದು ಭಾರೀ ಬಲದೊಂದಿಗೆ ಕಾರ್ಲಾ ದಡ ಮುಟ್ಟಿತು. ಸತ್ತವರು ಐವತ್ತರ ಒಳಗೆ. ಹೊರಟವರೆಲ್ಲ ಆ ಚಿತ್ರ ನೋಡಿಯೇ ಹೊರಟರು ಎಂದರೆ ಅತಿಯಾದೀತು. ರೇಡಿಯೊ ಇತ್ತು, ಪೊಲೀಸರಿದ್ದರು, 1900ರ ನೆನಪಿತ್ತು. ಆದರೆ ರೇಡಾರ್ ಚಿತ್ರದ ಮೇಲೆ ನಕ್ಷೆ ಕೂರಿಸಿ ತೋರಿಸುವ ಕ್ರಮ ಅಲ್ಲಿಂದ ಬಂದದ್ದು. ಇವತ್ತು ನಮ್ಮ ಫೋನಿನಲ್ಲಿ ಮಳೆ ಎಲ್ಲಿದೆ ಎಂದು ನೋಡುವಾಗ ಕಾಣುವುದೂ ಅದೇ ಹಾಳೆ. ರಾದರ್‌ಗೆ ಮುಂದೆ ರಾಷ್ಟ್ರೀಯ ಟಿ.ವಿ. ಜಾಲ ಸಿಬಿಎಸ್‌ನಿಂದ ಕರೆ ಬಂತು, ಅವನು ದೇಶದ ದೊಡ್ಡ ವಾರ್ತಾ ನಿರೂಪಕನಾದ. ಬಿರುಗಾಳಿಗೆ ಮೈಯೊಡ್ಡಿ ನಿಂತು ವರದಿ ಮಾಡುವ ಚಟವೂ ಟಿ.ವಿ.ಗೆ ಅಲ್ಲಿಂದಲೇ ಅಂಟಿತು. ಆ ಬಳುವಳಿ ಅಷ್ಟೇನೂ ಒಳ್ಳೆಯದಲ್ಲ: 2018ರ ಫ್ಲಾರೆನ್ಸ್ ಚಂಡಮಾರುತದಲ್ಲಿ ವರದಿಗಾರನೊಬ್ಬ ಗಾಳಿಗೆ ತೂರಾಡುತ್ತ ಕಾಲೂರಿ ನಿಂತಿದ್ದಾಗ, ಹಿಂದೆ ಇಬ್ಬರು ಆರಾಮಾಗಿ ನಡೆದುಹೋದದ್ದನ್ನು ಜಗತ್ತೇ ನೋಡಿ ನಕ್ಕಿತು.

ಅಷ್ಟರಲ್ಲಿ ಉಪಗ್ರಹವೂ ಬಂದಿತ್ತು. 1960ರ ಏಪ್ರಿಲ್‌ನಲ್ಲಿ ಹಾರಿದ ಟೈರೋಸ್-1 ಬಾಹ್ಯಾಕಾಶದಿಂದ ಮೋಡಗಳ ಮೊದಲ ಟಿ.ವಿ. ಚಿತ್ರ ಕಳಿಸಿತ್ತು. ಎಪ್ಪತ್ತರ ದಶಕದಲ್ಲಿ ಭೂಮಿಯ ಒಂದೇ ಭಾಗದ ಮೇಲೆ ನಿಂತು ನೋಡುವ ಉಪಗ್ರಹಗಳು ಬಂದ ಮೇಲೆ ಮೋಡ ಪರದೆಯ ಮೇಲೆ ಚಲಿಸತೊಡಗಿತು. ಚಂಡಮಾರುತಕ್ಕೆ ಅದು ವರ. ಸುಂಟರಗಾಳಿಗೆ ಅದರಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಮೋಡದ ನೆತ್ತಿಯನ್ನು ನೋಡಿ ಅದರ ಹೊಟ್ಟೆಯಲ್ಲಿ ಏನು ತಿರುಗುತ್ತಿದೆ ಎಂದು ಹೇಳಲಾಗದು. ಹಳೆಯ ರೇಡಾರ್‌ನಲ್ಲಿ ಮಳೆ ಕೊಕ್ಕೆಯಾಕಾರಕ್ಕೆ ಬಾಗಿದರೆ ಅನುಮಾನಪಡಬೇಕು, ಅಷ್ಟೇ. 1974ರ ಏಪ್ರಿಲ್ 3ರಂದು ಒಂದೇ ದಿನದ ಅವಧಿಯಲ್ಲಿ 148 ಸುಂಟರಗಾಳಿಗಳು ಎದ್ದಾಗ, ಒಹಾಯೊದ ಡೇಟನ್‌ನಲ್ಲಿ ಟಿ.ವಿ. ಹವಾಮಾನ ನಿರೂಪಕ ಗಿಲ್ ವಿಟ್ನಿ ತಮ್ಮ ಸ್ಟೇಷನ್ನಿನ ರೇಡಾರ್‌ನಲ್ಲಿ ಕಂಡ ಆ ಕೊಕ್ಕೆಯನ್ನು ತೋರಿಸಿ ಜೀನಿಯಾ ಊರಿನವರನ್ನು ಎಚ್ಚರಿಸಿದರು. ಆದರೂ ಅಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು.

ಗಾಳಿಯನ್ನೇ ನೋಡುವ ಉಪಾಯ ಡಾಪ್ಲರ್ ರೇಡಾರ್. ಅದು ಮಳೆ ಎಲ್ಲಿದೆ ಎಂದಷ್ಟೇ ಹೇಳುವುದಿಲ್ಲ; ಮರಳಿ ಬಂದ ಅಲೆಯ ಆವರ್ತನದಲ್ಲಾದ ವ್ಯತ್ಯಾಸ ಅಳೆದು, ಮಳೆಹನಿಗಳು ತನ್ನತ್ತ ಬರುತ್ತಿವೆಯೋ ತನ್ನಿಂದ ದೂರ ಓಡುತ್ತಿವೆಯೋ ಎಂದೂ ಹೇಳುತ್ತದೆ. ಪರದೆಯ ಮೇಲೆ ಹತ್ತಿರ ಬರುವುದಕ್ಕೆ ಹಸಿರು, ದೂರ ಹೋಗುವುದಕ್ಕೆ ಕೆಂಪು. ಗಾಢ ಹಸಿರಿಗೆ ಗಾಢ ಕೆಂಪು ತಾಗಿ ನಿಂತಿದ್ದರೆ ಅಲ್ಲಿ ಗಾಳಿ ಸುತ್ತುತ್ತಿದೆ ಎಂದೇ ಅರ್ಥ. ಒಕ್ಲಹೋಮದ ನಾರ್ಮನ್‌ನಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯದವರು 1973ರ ಮೇ 24ರಂದು ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ಹುಟ್ಟಿನಿಂದ ಸಾವಿನವರೆಗೆ ಹೀಗೆ ಅಳೆದರು. ನೆಲ ಮುಟ್ಟುವ ಮೊದಲೇ ಮೋಡದೊಳಗೆ ಸುತ್ತು ಶುರುವಾಗಿತ್ತು ಎಂಬುದು ಆಮೇಲೆ ದಾಖಲೆಗಳಲ್ಲಿ ಸಿಕ್ಕಿತು.

ಸರ್ಕಾರ ಇದನ್ನು ದೇಶದ ತುಂಬ ಹಾಕಿಸಲು ತೊಂಬತ್ತರ ದಶಕವೇ ಬರಬೇಕಾಯಿತು. ಗ್ಯಾರಿ ಇಂಗ್ಲೆಂಡ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಒಕ್ಲಹೋಮದ ಸೀಲಿಂಗ್ ಎಂಬ ಸಣ್ಣ ಊರಿನ ಹುಡುಗ, 1972ರಿಂದ ಕೆಡಬ್ಲ್ಯುಟಿವಿ ಸ್ಟೇಷನ್‌ನ ಹವಾಮಾನ ತಜ್ಞ. ತಮ್ಮ ಸ್ಟೇಷನ್‌ನ ಮಾಲೀಕರನ್ನು ಒಪ್ಪಿಸಿ, ಅಲಬಾಮಾದ ರೇಡಾರ್ ಕಂಪನಿಯೊಂದರಿಂದ ಡಾಪ್ಲರ್ ಯಂತ್ರ ಮಾಡಿಸಿ, 1980ರ ದಶಕದ ಆರಂಭದಲ್ಲೇ ಅದರ ನೆರವಿನಿಂದ ನೇರವಾಗಿ ವೀಕ್ಷಕರಿಗೆ ಎಚ್ಚರಿಕೆ ಕೊಡತೊಡಗಿದರು. ಸರ್ಕಾರಿ ಹವಾಮಾನ ಸೇವೆಯವರಿಗೆ ಸಿಟ್ಟು ಬಂತು. ಎಚ್ಚರಿಕೆ ಹೊರಡಿಸುವುದು ತಮ್ಮ ಹಕ್ಕು, ಟಿ.ವಿ.ಯವನು ಯಾರು ಇದಕ್ಕೆ? ಸಿಟ್ಟಿನಲ್ಲಿ ಅರ್ಥವಿಲ್ಲದಿಲ್ಲ, ಎರಡು ಬಾಯಿ ಎರಡು ಮಾತು ಹೇಳಿದರೆ ಕೇಳುವವನು ಕಂಗಾಲು. ಆದರೆ ಅವರ ಬಳಿ ಆ ಯಂತ್ರ ಇರಲಿಲ್ಲ, ಇವರ ಬಳಿ ಇತ್ತು.

ಇಂಗ್ಲೆಂಡ್‌ರ ಇನ್ನೊಂದು ಕೊಡುಗೆ ನೋಡಲು ತೀರ ಸಣ್ಣದು. 1990ರ ಹೊತ್ತಿಗೆ ಅವರ ಸ್ಟೇಷನ್ ಪರದೆಯ ಮೂಲೆಯಲ್ಲಿ ರಾಜ್ಯದ ಪುಟ್ಟ ನಕ್ಷೆ ಹಾಕಿ, ಎಚ್ಚರಿಕೆ ಇರುವ ಕೌಂಟಿಗಳಿಗೆ ಬಣ್ಣ ತುಂಬತೊಡಗಿತು. ಕೌಂಟಿ ಎಂದರೆ ಅಂದಾಜು ನಮ್ಮ ತಾಲ್ಲೂಕು ಎಂದುಕೊಳ್ಳಿ. ಅದಕ್ಕೂ ಮೊದಲು ಎಚ್ಚರಿಕೆ ಹೇಳಬೇಕೆಂದರೆ ನಡೆಯುತ್ತಿದ್ದ ಧಾರಾವಾಹಿಯನ್ನೋ ಫುಟ್‌ಬಾಲ್ ಆಟವನ್ನೋ ಕತ್ತರಿಸಬೇಕಿತ್ತು. ಸ್ಟೇಷನ್‌ಗೆ ಬೈಗುಳದ ಫೋನು ತಪ್ಪುತ್ತಿರಲಿಲ್ಲ. ಈಗ ಧಾರಾವಾಹಿ ನಡೆಯುತ್ತಲೇ ಇರುತ್ತದೆ, ಮೂಲೆಯಲ್ಲಿ ನಿಮ್ಮ ಕೌಂಟಿ ಕೆಂಪಾದರೆ ಎದ್ದು ಕೂರುತ್ತೀರಿ. ದೇಶದ ಬೇರೆ ಸ್ಟೇಷನ್‌ಗಳಲ್ಲೂ ಇಂಥ ನಕ್ಷೆ ಬೇಗನೆ ಮಾಮೂಲಾಯಿತು. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ 1989ರ ನವೆಂಬರ್‌ನಲ್ಲಿ ಸುಂಟರಗಾಳಿಗೆ 21 ಜನ ಸತ್ತ ಮೇಲೆ, ಅಲ್ಲಿನ ಟಿ.ವಿ. ಹವಾಮಾನ ತಜ್ಞ ಬಾಬ್ ಬ್ಯಾರನ್ ಕೆಲಸದ ಜೊತೆಗೇ ಒಂದು ಕಂಪನಿ ಶುರುಮಾಡಿದರು. ಬಿರುಗಾಳಿ ಯಾವ ರಸ್ತೆಗೆ ಎಷ್ಟು ಗಂಟೆಗೆ ಬರುತ್ತದೆ ಎಂದು ಪರದೆಯ ಮೇಲೆ ತೋರಿಸುವ ತಂತ್ರಾಂಶ ಅವರದು. 2007ರಲ್ಲಿ ಸರ್ಕಾರವೂ ಇಡೀ ಕೌಂಟಿಗೆ ಎಚ್ಚರಿಕೆ ಕೊಡುವುದನ್ನು ಬಿಟ್ಟು, ಗಾಳಿ ಸಾಗುವ ದಾರಿಗಷ್ಟೇ ಗೆರೆ ಎಳೆದು ಕೊಡಲು ತೊಡಗಿತು.

ತೋರಿಸುವ ಕಲೆ ಹೀಗೆ ಒಂದು ಹಂತಕ್ಕೆ ಬಂತು. ತೋರಿಸಿದ್ದರಿಂದಲೇ ಆದ ಅನಾಹುತದ ಮಾತು ಇನ್ನು. 1991ರ ಏಪ್ರಿಲ್ 26ರಂದು ಕ್ಯಾನ್ಸಸ್‌ನ ಹೆದ್ದಾರಿಯಲ್ಲಿ ಟಿ.ವಿ. ತಂಡವೊಂದು ಬೆನ್ನಟ್ಟಿ ಬಂದ ಸುಂಟರಗಾಳಿಯಿಂದ ತಪ್ಪಿಸಿಕೊಳ್ಳಲು ಮೇಲ್ಸೇತುವೆಯ ಕೆಳಗೆ, ತೊಲೆಗಳ ಸಂದಿಯಲ್ಲಿ ಅಡಗಿತು. ಕ್ಯಾಮೆರಾ ಓಡುತ್ತಲೇ ಇತ್ತು. ಎಲ್ಲರೂ ಬದುಕಿದರು. ಆ ದೃಶ್ಯವನ್ನು ದೇಶದ ಎಲ್ಲ ಚಾನೆಲ್‌ಗಳೂ ಮತ್ತೆ ಮತ್ತೆ ಹಾಕಿದವು. ಗಾಳಿ ದುರ್ಬಲವಾಗಿತ್ತು, ಸೇತುವೆಯ ಮೇಲೆ ನೇರವಾಗಿ ಹಾಯ್ದಿರಲಿಲ್ಲ ಎಂಬ ತಜ್ಞರ ವಿವರಣೆ ಯಾರ ಕಿವಿಗೂ ಬೀಳಲಿಲ್ಲ. ಸೇತುವೆಯ ಕೆಳಗೆ ಗಾಳಿ ಇನ್ನೂ ರಭಸವಾಗುತ್ತದೆ, ಹಾರಿ ಬರುವ ತಗಡು, ಮರ, ಕಲ್ಲು ನೇರ ಒಳಗೇ ನುಗ್ಗುತ್ತವೆ. ಎಂಟು ವರ್ಷದ ಮೇಲೆ, 1999ರ ಮೇ 3ರ ಸಂಜೆ ಒಕ್ಲಹೋಮದಲ್ಲಿ ಜನ ಕಾರು ನಿಲ್ಲಿಸಿ ಮೇಲ್ಸೇತುವೆಗಳ ಕೆಳಗೆ ತೂರಿಕೊಂಡರು. ಮೂರು ಸೇತುವೆಗಳಡಿ ಒಬ್ಬೊಬ್ಬರಂತೆ ಮೂವರು ಸತ್ತರು, ಹಲವರು ಭೀಕರವಾಗಿ ಗಾಯಗೊಂಡರು.

ಅದೇ ಸಂಜೆ ಟಿ.ವಿ.ಯ ಅತ್ಯುತ್ತಮ ಸಂಜೆಯೂ ಹೌದು. ಬ್ರಿಜ್ ಕ್ರೀಕ್‌ನಿಂದ ಮೂರ್ ಕಡೆಗೆ ಸಾಗಿದ ಆ ಸುಂಟರಗಾಳಿಯೊಳಗೆ ಸುತ್ತುವ ಗಾಳಿಯ ವೇಗ ಗಂಟೆಗೆ ಸುಮಾರು 300 ಮೈಲಿ. ಲಾರಿಯ ಮೇಲೆ ಹೊತ್ತು ತಂದ ಡಾಪ್ಲರ್ ರೇಡಾರ್ ಅಳೆದದ್ದು. ಭೂಮಿಯ ಮೇಲೆ ದಾಖಲಾದ ಅತಿವೇಗದ ಗಾಳಿಗಳಲ್ಲಿ ಅದೊಂದು. ಹೆಲಿಕಾಪ್ಟರ್ ಪಕ್ಕದಲ್ಲೇ ಹಾರುತ್ತ ನೇರ ಪ್ರಸಾರ ಮಾಡುತ್ತಿತ್ತು. ಇಂಗ್ಲೆಂಡ್ ಒಂದೊಂದೇ ರಸ್ತೆಯ ಹೆಸರು ಹೇಳುತ್ತ, ನೆಲಮಾಳಿಗೆ ಇಲ್ಲದಿದ್ದರೆ ಇದರಲ್ಲಿ ಬದುಕುವುದು ಕಷ್ಟ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ನಗರದಂಚಿನ ಸಾವಿರಾರು ಮನೆಗಳು ನೆಲಸಮವಾದ ಆ ಗಾಳಿಗೆ ಸತ್ತವರು 36. ಎಚ್ಚರಿಕೆ ಇಲ್ಲದಿದ್ದರೆ ನೂರಾರಾಗುತ್ತಿತ್ತು ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಎಷ್ಟೋ ಜನ ಗಾಳಿಯ ದಾರಿ ಪರದೆಯಲ್ಲಿ ನೋಡಿಕೊಂಡು ಕಾರು ಹತ್ತಿ ಪಕ್ಕಕ್ಕೆ ಸರಿದು ಬದುಕಿದರು. ಆ ಅನುಭವ ಊರಿನ ಮನಸ್ಸಿನಲ್ಲಿ ಕೂತಿತು.

2011ರ ಏಪ್ರಿಲ್ 27ರಂದು ಅಲಬಾಮಾದಲ್ಲಿ ಟಸ್ಕಲೂಸಾ ಊರನ್ನು ಸೀಳಿದ ಸುಂಟರಗಾಳಿಯನ್ನು ಟಿ.ವಿ. ಹವಾಮಾನ ತಜ್ಞ ಜೇಮ್ಸ್ ಸ್ಪ್ಯಾನ್ ಗೋಪುರದ ಕ್ಯಾಮೆರಾದಿಂದ ನೇರವಾಗಿ ತೋರಿಸಿದರು. ಅಷ್ಟಾದರೂ ರಾಜ್ಯದಲ್ಲಿ ಅಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬೆಳಗಿನ ಬಿರುಗಾಳಿಗೇ ಲಕ್ಷಾಂತರ ಮನೆಗಳ ಕರೆಂಟ್ ಹೋಗಿತ್ತು. ಮಧ್ಯಾಹ್ನ ಸ್ಪ್ಯಾನ್ ಮಾತಾಡುತ್ತಿದ್ದಾಗ ಕೇಳಲೇಬೇಕಾದ ಎಷ್ಟೋ ಮನೆಗಳಲ್ಲಿ ಟಿ.ವಿ. ಸತ್ತಿತ್ತು.

ಇನ್ನು 2013ರ ಮೇ. 20ರಂದು ಮೂರ್ ಊರಿಗೆ ಮತ್ತೆ ಸುಂಟರಗಾಳಿ ಬಡಿದು 24 ಜನ ಸತ್ತಿದ್ದರು, ಶಾಲೆಯೊಂದರಲ್ಲಿದ್ದ ಏಳು ಮಕ್ಕಳೂ ಸೇರಿ. ಹನ್ನೊಂದು ದಿನಕ್ಕೆ, 31ರ ಶುಕ್ರವಾರ ಸಂಜೆ, ಕಚೇರಿ ಬಿಡುವ ಹೊತ್ತಿಗೆ, ಎಲ್ ರೀನೊ ಬಳಿ ಇನ್ನೊಂದು ಎದ್ದಿತು. ಅಗಲ 2.6 ಮೈಲಿ, ಅಷ್ಟು ಅಗಲದ ಸುಂಟರಗಾಳಿ ಅದಕ್ಕೂ ಮೊದಲು ದಾಖಲಾಗಿರಲಿಲ್ಲ. ಒಂದು ಚಾನೆಲ್‌ನ ಹವಾಮಾನ ತಜ್ಞರು ನೆಲದಡಿ ಹೋಗಲಾಗದವರು ಕಾರು ಹತ್ತಿ ದಕ್ಷಿಣಕ್ಕೆ ಹೊರಡಿ ಎಂದರು. 1999ರಲ್ಲಿ ಕೆಲವರನ್ನು ಉಳಿಸಿದ ಉಪಾಯ ಇದೇ. ಈ ಸಲ ಇಡೀ ಒಕ್ಲಹೋಮ ಸಿಟಿ ಒಟ್ಟಿಗೆ ಹೊರಟಿತು. ಹೆದ್ದಾರಿಗಳಲ್ಲಿ ಕಾರುಗಳು ಅಲುಗದೆ ನಿಂತವು, ಜನ ಎದುರಿನ ಪಥಕ್ಕೂ ನುಗ್ಗಿದರು. ಸುಂಟರಗಾಳಿಗೆ ಸತ್ತ ಎಂಟೂ ಜನ ವಾಹನದಲ್ಲಿದ್ದವರೇ. ಅವರಲ್ಲಿ ಮೂವರು ಇಪ್ಪತ್ತು ವರ್ಷಗಳಿಂದ ಸುಂಟರಗಾಳಿ ಅಧ್ಯಯನ ಮಾಡುತ್ತಿದ್ದ ಟಿಮ್ ಸಮಾರಸ್ ಮತ್ತು ಅವರ ತಂಡದವರು. ವೆದರ್ ಚಾನೆಲ್‌ನ ವರದಿಗಾರರ ಕಾರೂ ಗಾಳಿಗೆ ಎತ್ತೆಸೆಯಲ್ಪಟ್ಟಿತು. ಸುಂಟರಗಾಳಿ ನಗರದವರೆಗೆ ಬರದೆ ಕರಗಿತು. ಬಂದಿದ್ದರೆ ಆ ಸಾಲು ಕಾರುಗಳ ಗತಿ ಏನಾಗುತ್ತಿತ್ತೆಂದು ಯೋಚಿಸಲೂ ಕಷ್ಟ. ರಾತ್ರಿ ಸುರಿದ ಮಳೆಗೆ ಚರಂಡಿಗಳಲ್ಲಿ ಅಡಗಿದ್ದವರು ಕೊಚ್ಚಿಹೋದರು. ಸುಂಟರಗಾಳಿಗಿಂತ ನೀರಿಗೆ ಬಲಿಯಾದವರೇ ಹೆಚ್ಚು. ಹೇಳಿದರೆ ಜನ ಗಾಬರಿಯಾಗುತ್ತಾರೆ ಎಂದ ಹಳೆಯ ಅಧಿಕಾರಿಗಳದ್ದೇ ಸರಿ ಎಂದು ಕೆಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಜನ ಅಂದು ಕೇಳಿದ ಮಾತನ್ನು ಪಾಲಿಸಿದ್ದರು. ಕೆಟ್ಟದ್ದು ಮಾತು.

ಈಚಿನ ತಂತ್ರಜ್ಞಾನದ ಬೆರಗಿಗೆ ಕೊನೆಯಿಲ್ಲ. 2018ರಲ್ಲಿ ಫ್ಲಾರೆನ್ಸ್ ಬರುವ ಮೊದಲು ವೆದರ್ ಚಾನೆಲ್ ವಿಡಿಯೊ ಗೇಮ್‌ಗಳ ತಂತ್ರಾಂಶ ಬಳಸಿ, ನಿರೂಪಕಿಯ ಸುತ್ತ ನೀರು ಮೂರಡಿ, ಆರಡಿ, ಒಂಬತ್ತಡಿ ಏರುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಂಕಿಯಲ್ಲಿ ಹೇಳಿದರೆ ತಟ್ಟದ್ದನ್ನು ಪಕ್ಕದಲ್ಲಿಟ್ಟು ತೋರಿಸುವುದು, ಮತ್ತೆ ರಾದರ್‌ನ ಪ್ಲಾಸ್ಟಿಕ್ ಹಾಳೆಯ ವಿದ್ಯೆಯೇ. ಇತ್ತ ರೇಡಾರ್‌ಗಳು ಈಗ ಮಳೆಹನಿಗೂ ಹಾರುತ್ತಿರುವ ಮನೆಯ ಅವಶೇಷಕ್ಕೂ ವ್ಯತ್ಯಾಸ ಹೇಳಬಲ್ಲವು. ಅವಶೇಷ ಕಂಡಿತೆಂದರೆ ಸುಂಟರಗಾಳಿ ನೆಲದ ಮೇಲಿದೆ, ಏನನ್ನೋ ಕೆಡವಿದೆ ಎಂದು ನಿರೂಪಕನಿಗೆ ಆ ಕ್ಷಣಕ್ಕೆ ಗೊತ್ತಾಗುತ್ತದೆ.

2023ರ ಮಾರ್ಚ್ 24ರ ರಾತ್ರಿ ಮಿಸಿಸಿಪಿಯ ಡಬ್ಲ್ಯುಟಿವಿಎ ಸ್ಟೇಷನ್ನಿನಲ್ಲಿ ಹವಾಮಾನ ತಜ್ಞ ಮ್ಯಾಟ್ ಲಾಬ್ಹನ್ ನೇರ ಪ್ರಸಾರದಲ್ಲಿದ್ದರು. ಸುಂಟರಗಾಳಿ ಏಮರಿ ಎಂಬ ಸಣ್ಣ ಊರಿನ ಮೇಲೆ ಹಾಯುತ್ತಿರುವುದು ರೇಡಾರ್‌ನಲ್ಲಿ ಕಂಡಿತು. ಹೇಳುವುದೆಲ್ಲ ಹೇಳಿಯಾಗಿತ್ತು. ಅವರು ಮಾತು ನಿಲ್ಲಿಸಿ, ತಲೆ ತಗ್ಗಿಸಿ, ಆ ಜನರನ್ನು ಕಾಪಾಡು ಎಂದು ಕ್ಯಾಮೆರಾದ ಮುಂದೆಯೇ ದೇವರಲ್ಲಿ ಬೇಡಿ, ಮತ್ತೆ ನಕ್ಷೆಯತ್ತ ತಿರುಗಿದರು. ಆ ತುಣುಕು ಜಗತ್ತನ್ನೆಲ್ಲ ಸುತ್ತಿತು. 2025ರ ಜನವರಿಯಲ್ಲಿ ಆ ಸ್ಟೇಷನ್ನಿನ ಮಾಲೀಕ ಕಂಪನಿ ತನ್ನ ಹಲವು ಸ್ಥಳೀಯ ಸ್ಟೇಷನ್‌ಗಳ ಹವಾಮಾನ ತಜ್ಞರನ್ನು ಬಿಡಿಸಿ, ಅಟ್ಲಾಂಟಾದ ಒಂದೇ ಕೇಂದ್ರದಿಂದ ಎಲ್ಲ ಊರುಗಳ ಹವಾಮಾನವನ್ನೂ ಹೇಳಿಸುವ ಯೋಜನೆ ತಂದಿತು. ಯಂತ್ರ ಅಲ್ಲಿಯೂ ಅದೇ, ರೇಡಾರ್ ಚಿತ್ರವೂ ಅದೇ, ಖರ್ಚು ಕಡಿಮೆ. ವೀಕ್ಷಕರು ಒಪ್ಪಲಿಲ್ಲ. ಜಾಹೀರಾತು ಕೊಡುವ ಸ್ಥಳೀಯ ಅಂಗಡಿಯವರೂ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು.